ಪಾರ್ಶ್ವವಾಯುವೂ ಆಕರಕೋಶವೂ: ಒಂದು ಆಶೆಯ ಇತಿಹಾಸ

ಪಾರ್ಶ್ವವಾಯುವಿನ ಹೆಸರು ಕೇಳದ ಮನೆ ನಮ್ಮಲ್ಲಿ ವಿರಳ. ಕೆಲವರು ಲಕ್ವ ಎನ್ನುತ್ತಾರೆ, ವೈದ್ಯರು ಸ್ಟ್ರೋಕ್ ಎನ್ನುತ್ತಾರೆ. ಹೆಸರು ಯಾವುದಾದರೇನು? ನಿನ್ನೆಯವರೆಗೆ ಸಂಸಾರದ ಭಾರ ಹೊತ್ತಿದ್ದ ಕೈ ಇಂದು ಒಂದು ತುತ್ತನ್ನೂ ಎತ್ತಲಾರದು. ಇಂಥ ಮನೆಗೆ ಯಾರಾದರೂ ಬಂದು, ಸ್ಟೆಮ್ ಸೆಲ್ ಎಂಬ ಹೊಸ ಚಿಕಿತ್ಸೆಯುಂಟು, ಖರ್ಚು ಹೆಚ್ಚು, ಆದರೆ ಕೈಕಾಲು ಮರಳಿ ಬರುತ್ತವೆ ಎಂದರೆ, ಒಡವೆ ಅಡವಿಟ್ಟಾದರೂ ಹೊರಡೋಣವೆಂದು ಮನಸ್ಸಾಗುವುದು ಸಹಜ. ಹೊರಡುವ ಮುನ್ನ ಈ ಚಿಕಿತ್ಸೆ ಬೆಳೆದು ಬಂದ ದಾರಿಯನ್ನು ಅರಿಯುವುದು ಒಳ್ಳೆಯದು.

ಸ್ವಿಟ್ಸರ್ಲೆಂಡಿನ ಶಾಫ್‌ಹೌಸನ್ ಊರಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್, ಈ ರೋಗದಿಂದ ಸತ್ತವರ ಮಿದುಳನ್ನು ಪರೀಕ್ಷಿಸಿ, ಅಲ್ಲಿ ರಕ್ತ ಸೋರಿದ್ದನ್ನು ಕಂಡು 1658ರಲ್ಲಿ ಒಂದು ಗ್ರಂಥ ಬರೆದನು. ರಕ್ತನಾಳ ಒಡೆದರೂ ಈ ರೋಗ, ಕಟ್ಟಿಕೊಂಡರೂ ಈ ರೋಗ ಎಂಬುದು ನಮಗೀಗ ತಿಳಿದಿದೆ. ದೊಡ್ಡ ನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಲೆಕ್ಕ ಹಾಕಲಾಯಿತು.

ಸತ್ತ ನರಕೋಶದ ಸ್ಥಾನದಲ್ಲಿ ಹೊಸದು ಹುಟ್ಟುವುದೆ? ಗೀರಿದ ಚರ್ಮ ಮಾಯುತ್ತದೆ, ಮುರಿದ ಮೂಳೆ ಕೂಡುತ್ತದೆ. ಬೆಳೆದವರ ಮಿದುಳಿಗೆ ಮಾತ್ರ ಆ ಭಾಗ್ಯವಿಲ್ಲವೆಂದು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಹೇಳಿದನು. ನರಕೋಶಗಳ ರಚನೆಯನ್ನು ತೋರಿಸಿಕೊಟ್ಟು 1906ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಮಹನೀಯನಾತ. ಅವನ ಮಾತು ಬಹುಕಾಲ ವೈದ್ಯಶಾಸ್ತ್ರದ ಕಟ್ಟಳೆಯಾಗಿ ನಿಂತಿತು.

ಹೊಸ ಆಶೆ ಮೊಳೆತದ್ದು ರಕ್ತದ ಸಂಶೋಧನೆಯಲ್ಲಿ. 1961ರಲ್ಲಿ ಕೆನಡಾದ ಟೊರಾಂಟೊ ನಗರದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮಕಲಕ್, ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಬೇರೆ ಇಲಿಗಳ ಅಸ್ಥಿಮಜ್ಜೆಯನ್ನು ಕೊಟ್ಟರು. ಆ ಇಲಿಗಳ ಗುಲ್ಮದಲ್ಲಿ ಸಣ್ಣ ಸಣ್ಣ ಗಂಟುಗಳು ಎದ್ದವು. ಇಂಥ ಗಂಟೊಂದು ಒಂದೇ ಕೋಶದ ಸಂತತಿಯೆಂದು ಮುಂದೆ ಸಿದ್ಧವಾಯಿತು. ತನ್ನಂಥದನ್ನೇ ಹೆತ್ತು, ಬೇರೆ ಬಗೆಯ ಕೋಶಗಳನ್ನೂ ಹೆರಬಲ್ಲ ಈ ತಾಯಿಕೋಶವೇ ಆಕರಕೋಶ, ಅರ್ಥಾತ್ ಸ್ಟೆಮ್ ಸೆಲ್.

ಮರುವರ್ಷ, 1962ರಲ್ಲಿ, ಅಮೆರಿಕದ ಜೋಸೆಫ್ ಆಲ್ಟ್‌ಮನ್ ಬೆಳೆದ ಇಲಿಯ ಮಿದುಳಿನಲ್ಲಿಯೂ ಹೊಸ ನರಕೋಶಗಳು ಹುಟ್ಟುವ ಸೂಚನೆಯನ್ನು ಕಂಡನು. ಬಹಳ ಮಂದಿ ನಂಬಲಿಲ್ಲ. ಮೂವತ್ತು ವರ್ಷ ಕಳೆದು 1992ರಲ್ಲಿ ಕೆನಡಾದ ಕ್ಯಾಲ್ಗರಿಯ ರೆನಾಲ್ಡ್ಸ್ ಮತ್ತು ವೈಸ್ ಇಲಿಯ ಮಿದುಳಿನಿಂದ ಇಂಥ ಆಕರಕೋಶಗಳನ್ನು ಬೇರ್ಪಡಿಸಿ ಪಾತ್ರೆಯಲ್ಲಿ ಬೆಳೆಸಿದರು. ಹಾಗಾದರೆ ಸತ್ತ ಜಾಗದಲ್ಲಿ ಹೊಸ ಕೋಶಗಳನ್ನು ಸಸಿಯಂತೆ ನೆಡಬಾರದೇಕೆ?

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕೊಂಡ್ಜಿಯೋಲ್ಕಾ ಮತ್ತು ಸಂಗಡಿಗರು ಅದನ್ನೇ ಮಾಡಿದರು. ಪ್ರಯೋಗಶಾಲೆಯಲ್ಲಿ ಸಿದ್ಧಗೊಳಿಸಿದ ಮಾನವ ನರಕೋಶಗಳನ್ನು 12 ಮಂದಿ ಪಾರ್ಶ್ವವಾಯು ರೋಗಿಗಳ ಮಿದುಳಿಗೆ ಸೇರಿಸಿ, 2000ದಲ್ಲಿ ವರದಿಯಿತ್ತರು. ಕೆಲವರಲ್ಲಿ ಸುಧಾರಣೆ ಕಂಡಿತು. ಆದರೆ ಅದೇ ತಂಡ ಮುಂದೆ 18 ಮಂದಿಯನ್ನು ಆರಿಸಿ, ನಾಲ್ವರಿಗೆ ಕೋಶಗಳನ್ನು ಕೊಡದೆ ಹೋಲಿಸಿ ನೋಡಿದಾಗ, ಮುಖ್ಯ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ದೊರೆಯಲಿಲ್ಲವೆಂದು 2005ರಲ್ಲಿ ತಿಳಿಸಿತು.

ಈ ಇತಿಹಾಸದ ತಿರುಳು ಇಲ್ಲಿಯೇ ಇದೆ. ಪಾರ್ಶ್ವವಾಯು ಹೊಡೆದವರಲ್ಲಿ ಎಷ್ಟೋ ಮಂದಿ, ವಿಶೇಷವಾಗಿ ಮೊದಲ ಮೂರು ತಿಂಗಳಲ್ಲಿ, ತಾವಾಗಿಯೇ ಒಂದಿಷ್ಟು ಚೇತರಿಸಿಕೊಳ್ಳುತ್ತಾರೆ. ಹಳೆಯ ರೋಗಿಗೂ ಹೊಸ ಭರವಸೆ, ವೈದ್ಯರ ನಿಗಾ, ವ್ಯಾಯಾಮ ಕೂಡಿಬಂದರೆ ಕೊಂಚ ಗುಣ ಕಾಣುವುದುಂಟು. ಆ ಗುಣವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಚಿಕಿತ್ಸೆ ಕೊಟ್ಟು ಹೋಲಿಸಿದ ಹೊರತು ಹೇಳಲಾಗದು.

ನಮ್ಮ ದೇಶದಲ್ಲಿಯೂ ಈ ಪರೀಕ್ಷೆ ನಡೆದಿದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಕಾಮೇಶ್ವರ ಪ್ರಸಾದರ ಮುಂದಾಳುತನದಲ್ಲಿ ಐದು ಕೇಂದ್ರಗಳಿಂದ 120 ರೋಗಿಗಳನ್ನು ಸೇರಿಸಿಕೊಂಡರು. ಒಂದು ಪಾಲಿನವರಿಗೆ ಅವರವರ ಅಸ್ಥಿಮಜ್ಜೆಯ ಕೋಶಗಳನ್ನೇ ರಕ್ತನಾಳದ ಮೂಲಕ ಕೊಟ್ಟರು. 2014ರಲ್ಲಿ ಫಲಿತಾಂಶ ಹೊರಬಂದಿತು: ಚಿಕಿತ್ಸೆಯಿಂದ ಅಪಾಯ ಕಾಣಲಿಲ್ಲ, ಆದರೆ ಪಡೆದವರಿಗೂ ಪಡೆಯದವರಿಗೂ ಚೇತರಿಕೆಯಲ್ಲಿ ಭೇದವಿರಲಿಲ್ಲ. 2016ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಸ್ಟೈನ್‌ಬರ್ಗ್ ತಂಡ 18 ರೋಗಿಗಳಲ್ಲಿ ಉತ್ತಮ ಸುಧಾರಣೆ ಕಂಡಾಗ ಪತ್ರಿಕೆಗಳು ಕೊಂಡಾಡಿದವು. ಅವೇ ಕೋಶಗಳ ಮೇಲೆ 163 ರೋಗಿಗಳಲ್ಲಿ ನಡೆಸಿದ ತುಲನಾತ್ಮಕ ಪ್ರಯೋಗ ಗುರಿ ಮುಟ್ಟಲಿಲ್ಲವೆಂದು 2019ರಲ್ಲಿ ಪ್ರಕಟವಾಯಿತು.

ಇದರಿಂದ ಸಂಶೋಧನೆ ವ್ಯರ್ಥವಾಯಿತೆಂದು ತಿಳಿಯಬೇಡಿ. ಕೊಟ್ಟ ಕೋಶಗಳಲ್ಲಿ ಹೆಚ್ಚಿನವು ಬೇರೂರದೆ ಅಳಿದುಹೋಗುತ್ತವೆ. ಪ್ರಾಣಿಗಳಲ್ಲಿ ಕಂಡ ಪ್ರಯೋಜನಕ್ಕೆ ಕಾರಣ ಬಹುಮಟ್ಟಿಗೆ ಅವು ಸ್ರವಿಸುವ ದ್ರವ್ಯಗಳು ಎಂಬುದು ಈ ಶ್ರಮದಿಂದಲೇ ತಿಳಿದುಬಂದಿತು. ಯಾವ ಕೋಶ, ಎಷ್ಟು, ಯಾವ ದಿನ ಕೊಡಬೇಕೆಂಬ ಪ್ರಯೋಗಗಳು ಸಾಗಿವೆ.

ಅದೇ ತಕ್ಕಡಿಯಲ್ಲಿ ತೂಗಿ ಗೆದ್ದ ಉಪಾಯಗಳೂ ಉಂಟು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧ ಮೂರು ಗಂಟೆಯೊಳಗೆ ಕೊಟ್ಟರೆ ಫಲಕಾರಿಯೆಂದು 1995ರಲ್ಲಿ ಸಿದ್ಧವಾಯಿತು. 2008ರಲ್ಲಿ ಆ ಅವಧಿ ನಾಲ್ಕೂವರೆ ಗಂಟೆಗೆ ಏರಿತು. ಸ್ವಾಧೀನದಲ್ಲಿರುವ ಕೈಯನ್ನು ಎರಡು ವಾರ ಕೈಚೀಲದಲ್ಲಿ ಮುಚ್ಚಿ, ಸೋತ ಕೈಯಿಂದಲೇ ಒತ್ತಾಯವಾಗಿ ಕೆಲಸ ಮಾಡಿಸಿದರೆ ಅದು ಸುಧಾರಿಸುತ್ತದೆಂದು 222 ರೋಗಿಗಳ ಪ್ರಯೋಗ 2006ರಲ್ಲಿ ತೋರಿಸಿತು. ಇಂಥ ಕೈ ಒಂದಿಷ್ಟಾದರೂ ಆಡುತ್ತಿರಬೇಕು ಎಂಬುದು ನಿಜ.

ಆದುದರಿಂದ ಮುಖ ಓರೆಯಾದರೆ, ತೋಳು ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು ಒಡನೆಯೇ ಆಸ್ಪತ್ರೆಗೆ ಹೊರಡಿ. ಮುಂದೆ ಯಾರಾದರೂ ಆಕರಕೋಶದ ಚಿಕಿತ್ಸೆಯನ್ನು ಸೂಚಿಸಿದರೆ, ಇದು ದಾಖಲಾದ ಪ್ರಯೋಗವೆ, ಹೋಲಿಕೆಯ ಪಾಲು ಉಂಟೆ, ರೋಗಿಯೇ ಹಣ ತೆರಬೇಕೆ ಎಂದು ಸಂಕೋಚವಿಲ್ಲದೆ ಕೇಳಿ. ರಕ್ತಸಂಬಂಧಿ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ ಆಕರಕೋಶಗಳನ್ನು ಪ್ರಯೋಗದ ಹೊರಗೆ ಬಳಸಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗದರ್ಶಿ ಹೇಳುತ್ತದೆ. ಮನೆಯ ಒಡವೆ ಮನೆಯಲ್ಲಿಯೇ ಇರಲಿ. ಅದರ ಹಣ ಬೇಕೇ ಆದರೆ ತಿಂಗಳುಗಟ್ಟಲೆ ನಡೆಯಬೇಕಾದ ವ್ಯಾಯಾಮ ಚಿಕಿತ್ಸೆಗೆ ಒದಗಲಿ.