ಹಗೇವು

ಹಗೇವು ಎಂದರೆ ಧಾನ್ಯವನ್ನು, ಮುಖ್ಯವಾಗಿ ರಾಗಿಯನ್ನು, ದೀರ್ಘಕಾಲ ಕೆಡದಂತೆ ಇಡಲು ನೆಲದೊಳಗೆ ತೋಡಿದ ಉಗ್ರಾಣ. ಕಿರಿದಾದ ಬಾಯಿ ಮತ್ತು ಅಗಲವಾದ ಒಡಲು ಇದರ ಲಕ್ಷಣ. ಹಳೆಯ ಮೈಸೂರು ಪ್ರಾಂತ್ಯದ ಬಯಲುಸೀಮೆಯಲ್ಲಿ ಇದು ವ್ಯಾಪಕವಾಗಿ ಬಳಕೆಯಲ್ಲಿತ್ತು. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದಂತಹ ರಾಗಿ ಬೆಳೆಯುವ ತಾಲ್ಲೂಕುಗಳು ಈ ಪ್ರಾಂತ್ಯದ ಪೂರ್ವದ ಅಂಚಿನಲ್ಲಿವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಗೇವಿನ ಬಳಕೆ ಬಹುಮಟ್ಟಿಗೆ ನಿಂತುಹೋಯಿತು.

ಹೆಸರು

ಹಗೆ, ಹಗೆವು, ಹಗೇವು ಎಂಬ ರೂಪಗಳು ಕನ್ನಡದಲ್ಲಿ ಪ್ರಚಲಿತವಾಗಿವೆ. ವೈರ ಅಥವಾ ವೈರಿ ಎಂಬ ಅರ್ಥದ ‘ಹಗೆ’ ಬೇರೆಯೇ ಆದ ಪದ. ತೆಲುಗಿನಲ್ಲಿ ಧಾನ್ಯದ ಗುಂಡಿಯನ್ನು ‘ಪಾತರ’ ಎನ್ನುತ್ತಾರೆ. ಕನ್ನಡ ಮತ್ತು ತೆಲುಗು ಎರಡೂ ಮನೆಮಾತಾಗಿರುವ ಕೋಲಾರ ಜಿಲ್ಲೆಯಲ್ಲಿ ಈ ಎರಡು ಪದಗಳಿಗೂ ಎಡೆಯುಂಟು. ನೆಲದ ಮೇಲೆ ಕಟ್ಟುವ ಕಣಜ, ಸುಟ್ಟ ಮಣ್ಣಿನ ವಾಡೆ, ಗುಡಾಣ ಹಾಗೂ ಮಲೆನಾಡಿನ ಮರದ ಪಣತಗಳಿಂದ ಹಗೇವು ಭಿನ್ನವಾದುದು. ಅವುಗಳಿಂದ ದಿನಬಳಕೆಗೆ ಧಾನ್ಯ ತೆಗೆಯಬಹುದು. ಹಗೇವನ್ನು ಒಮ್ಮೆ ಮುಚ್ಚಿದರೆ ಅಗತ್ಯ ಬರುವವರೆಗೆ ತೆರೆಯುವುದಿಲ್ಲ.

ಪ್ರದೇಶದ ಹಿನ್ನೆಲೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೇಸಾಯವು ಕೆರೆ, ಬಾವಿ ಮತ್ತು ಮಳೆಯನ್ನು ನಂಬಿ ಬೆಳೆದುಬಂದಿದೆ. ಮಳೆ ಒಂದು ವರ್ಷ ಹಿಡಿದು ಮತ್ತೊಂದು ವರ್ಷ ಕೈಕೊಡುವ ಈ ನೆಲದಲ್ಲಿ, ಒಳ್ಳೆಯ ಬೆಳೆಯ ಉಳಿಕೆಯನ್ನು ಕೆಟ್ಟ ವರ್ಷಕ್ಕೆ ಕಾದಿರಿಸುವುದು ರೈತ ಕುಟುಂಬದ ಉಳಿವಿನ ಪ್ರಶ್ನೆಯಾಗಿತ್ತು. ಇಲ್ಲಿನ ಕೆಂಪು ಮಣ್ಣಿನ ಕೆಳಗೆ ಅನೇಕ ಕಡೆ ಗಟ್ಟಿಯಾದ ಗರಸು ಸಿಗುತ್ತದೆ. ನೀರು ನಿಲ್ಲದ, ಕುಸಿಯದ ಇಂತಹ ನೆಲ ಹಗೇವಿಗೆ ಅನುಕೂಲ.

ರಾಗಿಯೂ ಈ ವಿಧಾನಕ್ಕೆ ಹೊಂದುವ ಧಾನ್ಯ. ಅದರ ಕಾಳು ಬಹಳ ಸಣ್ಣದಾದುದರಿಂದ, ಕಾಳಿನೊಳಗೆ ಬೆಳೆಯುವ ಹುಳುಗಳಿಗೆ ಅಲ್ಲಿ ಎಡೆ ಸಾಲದು. ಕಾಳುಗಳು ಒತ್ತಾಗಿ ಕೂಡುವುದರಿಂದ ನಡುವೆ ಗಾಳಿಯ ಓಡಾಟವೂ ಕಡಿಮೆ. ರಾಗಿಯ ಈ ಬಾಳಿಕೆ ಸಾಹಿತ್ಯದಲ್ಲಿಯೂ ಕಾಣಿಸಿಕೊಂಡಿದೆ. ಹದಿನಾರನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ಮತ್ತು ರಾಗಿಗಳ ವಾದವನ್ನು ತೀರಿಸಲು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ, ಭತ್ತ ಕಂದುತ್ತದೆ, ರಾಗಿ ಕಂದದೆ ಉಳಿದು ಗೆಲ್ಲುತ್ತದೆ.

ಸ್ಥಳದ ಆಯ್ಕೆ ಮತ್ತು ರಚನೆ

ಹಗೇವನ್ನು ಮನೆಯ ಅಂಗಳ, ಹಿತ್ತಿಲು, ಕಣದ ಅಂಚು ಅಥವಾ ಊರಿನ ಎತ್ತರದ ಜಾಗದಲ್ಲಿ ತೋಡುತ್ತಿದ್ದರು. ಕೆರೆಯ ಹಿಂಭಾಗದ ಜೌಗು ನೆಲ ಮತ್ತು ಮಳೆನೀರು ಹರಿದುಬರುವ ಇಳಿಜಾರನ್ನು ತಪ್ಪಿಸುವುದು ಮೊದಲ ನಿಯಮ. ಕಳ್ಳರ ಮತ್ತು ದಂಡಿನ ಕಣ್ಣಿಗೆ ಬೀಳದಿರಲೆಂದು ಮನೆಯೊಳಗೇ ಹಗೇವು ತೋಡಿ, ಮೇಲೆ ನೆಲ ಸಾರಿಸಿ ಮರೆಮಾಡುವುದೂ ಇತ್ತು.

ಒಬ್ಬ ಆಳು ಇಳಿಯುವಷ್ಟು ಬಾಯಿಯನ್ನು ಬಿಟ್ಟು, ಒಳಗೆ ಹೋದಂತೆ ಅಗಲವಾಗಿ ಗಡಿಗೆಯ ಆಕಾರದಲ್ಲಿ ಮಣ್ಣು ತೆಗೆಯಲಾಗುತ್ತಿತ್ತು. ಆಳವು ಸಾಮಾನ್ಯವಾಗಿ ಆಳೆತ್ತರ ಅಥವಾ ಅದಕ್ಕಿಂತ ಹೆಚ್ಚು. ಬಾಯಿ ಕಿರಿದಾದಷ್ಟೂ ಮುಚ್ಚುವುದು ಸುಲಭ, ನೀರು ಇಳಿಯುವ ಭಯವೂ ಕಡಿಮೆ. ಅನುಕೂಲಸ್ಥರು ಬಾಯಿಗೆ ಕಲ್ಲು ಕಟ್ಟಿಸುತ್ತಿದ್ದರು. ತೋಡಿದ ಗುಂಡಿಯನ್ನು ಚೆನ್ನಾಗಿ ಒಣಗಲು ಬಿಟ್ಟು, ಕೆಲವೆಡೆ ಒಳಗೆ ಹುಲ್ಲು ಸುಟ್ಟು ಗೋಡೆಯ ತೇವ ತೆಗೆದು, ಜೇಡಿಮಣ್ಣು ಮತ್ತು ಸಗಣಿಯಿಂದ ಸಾರಿಸುತ್ತಿದ್ದರು.

ತುಂಬುವ ಕ್ರಮ

ಕೊಯ್ಲಾದ ರಾಗಿಯನ್ನು ಮೆದೆ ಹಾಕಿ, ಬೇಸಗೆಯ ಮೊದಲಲ್ಲಿ ಕಣದಲ್ಲಿ ಗುಂಡು ಹೊಡೆದು, ತೂರಿ, ಬಿಸಿಲಿಗೆ ಹಾಕಿದ ಬಳಿಕವೇ ಹಗೇವಿಗೆ ಇಳಿಸುವುದು ವಾಡಿಕೆ. ಹಸಿಯಾದ ಕಾಳು ಒಳಗೆ ಬಿಸಿಯೇರಿ ಮುಗ್ಗುತ್ತದೆ. ಆದುದರಿಂದ ಒಣಗಿಸುವ ಹಂತವೇ ನಿರ್ಣಾಯಕ.

ಹಗೇವಿನ ತಳಕ್ಕೆ ಮತ್ತು ಸುತ್ತಲಿನ ಗೋಡೆಗೆ ಒಣ ಹುಲ್ಲನ್ನು ದಪ್ಪವಾಗಿ ಒತ್ತರಿಸಿ, ನಡುವೆ ರಾಗಿ ಸುರಿದು ಬಾಯಿಯವರೆಗೆ ತುಂಬಲಾಗುತ್ತದೆ. ಒಳಗೆ ಖಾಲಿ ಜಾಗ ಉಳಿದಷ್ಟೂ ಗಾಳಿ ಉಳಿಯುವುದರಿಂದ ಹಗೇವನ್ನು ಅರೆಯಾಗಿ ತುಂಬುವುದು ಒಳ್ಳೆಯದಲ್ಲ. ಮೇಲೆ ಹುಲ್ಲು ಹಾಸಿ, ಚಪ್ಪಡಿ ಕಲ್ಲು ಮುಚ್ಚಿ, ಸಂದುಗಳಿಗೆ ಕೆಸರು ಮೆತ್ತಿ, ನೀರು ಸುತ್ತ ಹರಿದುಹೋಗುವಂತೆ ಮಣ್ಣಿನ ದಿಬ್ಬ ಮಾಡುತ್ತಾರೆ. ಪ್ರಮಾಣವನ್ನು ಕೊಳಗ, ಖಂಡುಗ ಮತ್ತು ಪಲ್ಲಗಳಲ್ಲಿ ಎಣಿಸುತ್ತಿದ್ದರು. 20 ಕೊಳಗಕ್ಕೆ ಒಂದು ಖಂಡುಗ.

ಕಾರ್ಯತತ್ತ್ವ

ಮುಚ್ಚಿದ ಹಗೇವಿನಲ್ಲಿ ಕಾಳು, ಹುಳು ಮತ್ತು ಸೂಕ್ಷ್ಮಜೀವಿಗಳು ಉಸಿರಾಡುತ್ತಾ ಒಳಗಿನ ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಹೊರಗಿನ ಗಾಳಿಯಲ್ಲಿ ಸುಮಾರು ಶೇ. 21ರಷ್ಟಿರುವ ಆಮ್ಲಜನಕ ಒಳಗೆ ಕ್ರಮೇಣ ಕುಗ್ಗುತ್ತದೆ. ಅದು ಸುಮಾರು ಶೇ. 3ಕ್ಕಿಂತ ಕೆಳಗಿಳಿದು ಅಲ್ಲಿಯೇ ನಿಂತರೆ ಕೀಟಗಳು ಬದುಕಲಾರವು. ಹೀಗೆ ಯಾವ ಔಷಧಿಯೂ ಇಲ್ಲದೆ ಧಾನ್ಯ ರಕ್ಷಣೆಯಾಗುತ್ತದೆ. ನೆಲದಾಳದ ಉಷ್ಣತೆ ಹಗಲು ಇರುಳಿನೊಂದಿಗೆ ಹೆಚ್ಚು ಏರಿಳಿಯದಿರುವುದು ಮತ್ತೊಂದು ಅನುಕೂಲ. ಗೋಡೆಗೆ ತಾಗಿದ ಅಂಚಿನ ರಾಗಿ ಮಾತ್ರ ತೇವ ಹಿಡಿದು ಬಣ್ಣಗೆಡುವುದುಂಟು. ಹುಲ್ಲಿನ ಹೊದಿಕೆ ಈ ನಷ್ಟವನ್ನು ತಗ್ಗಿಸುತ್ತದೆ.

ಕ್ಷಾಮ ಮತ್ತು ಹಗೇವು

ಹಗೇವು ಒಂದೆರಡು ವರ್ಷದ ಬರವನ್ನು ದಾಟಿಸಬಲ್ಲುದಾಗಿತ್ತು. ಆದರೆ ಅದು ತುಂಬುವುದು ಬೆಳೆ ಉಳಿಕೆಯಾದ ವರ್ಷದಲ್ಲಿ ಮಾತ್ರ. ತುಂಡು ಭೂಮಿಯವರಿಗೆ ಮತ್ತು ಕೂಲಿಯವರಿಗೆ ತಮ್ಮದೆಂಬ ಹಗೇವು ಇರುತ್ತಿರಲಿಲ್ಲ; ಬರಗಾಲದಲ್ಲಿ ಅವರು ಹಗೇವುಳ್ಳವರಿಂದ ರಾಗಿಯನ್ನು ಸಾಲವಾಗಿ ಪಡೆಯಬೇಕಿತ್ತು. ಊರಿನ ಧಾನ್ಯವೂ ಊರಿನ ಋಣವೂ ಒಂದೇ ಗುಂಡಿಯಲ್ಲಿ ಇದ್ದವೆನ್ನಬಹುದು.

ಸತತವಾಗಿ ಮಳೆ ಹೋದಾಗ ಈ ಏರ್ಪಾಡು ಸಾಲದಾಗುತ್ತಿತ್ತು. 1876–78ರ ಮಹಾ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತೀವ್ರವಾಗಿ ನಲುಗಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಅಪಾಯಗಳು

ಹುಳುವನ್ನು ಕೊಲ್ಲುವ ಗಾಳಿಯೇ ಮನುಷ್ಯನನ್ನೂ ಕೊಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದುದರಿಂದ ಬಾಯಿ ತೆರೆದ ಮೇಲೂ ತಳದಲ್ಲಿ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ. ಆಮ್ಲಜನಕ ಶೇ. 10ಕ್ಕಿಂತ ಕಡಿಮೆಯಾದಲ್ಲಿ ಇಳಿದವನಿಗೆ ಕೂಗುವಷ್ಟರಲ್ಲಿಯೇ ಪ್ರಜ್ಞೆ ತಪ್ಪಬಹುದು. ಬಿದ್ದವನನ್ನು ಎತ್ತಲು ಧಾವಿಸಿ ಇಳಿದವರೂ ಒಬ್ಬರ ಹಿಂದೆ ಒಬ್ಬರು ಸಾಯುವುದು ಇಂತಹ ದುರಂತಗಳ ಸಾಮಾನ್ಯ ಸ್ವರೂಪ.

ಇದನ್ನರಿತ ಹಿರಿಯರು ಹಗೇವಿನ ಬಾಯಿ ತೆಗೆದು ಬಹಳ ಹೊತ್ತು ಹಾಗೆಯೇ ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ದೀಪ ಆರಿದರೆ ಇಳಿಯಲೇಬಾರದು. ಆದರೆ ದೀಪ ಉರಿಯುತ್ತಿದೆ ಎಂದಮಾತ್ರಕ್ಕೆ ಒಳಗೆ ಸುರಕ್ಷಿತವೆಂದು ಹೇಳಲಾಗದು. ಇಂಗಾಲದ ಡೈಆಕ್ಸೈಡಾಗಲಿ ಇತರ ವಿಷಾನಿಲವಾಗಲಿ ದೀಪದಿಂದ ಪೂರ್ತಿ ತಿಳಿಯುವುದಿಲ್ಲ. ಯಾರಾದರೂ ಒಳಗೆ ಬಿದ್ದಲ್ಲಿ, ಉಸಿರಾಟದ ಸಾಧನವಿಲ್ಲದೆ ಇಳಿಯದೆ, ಅಗ್ನಿಶಾಮಕ ದಳವನ್ನು (101) ಅಥವಾ ತುರ್ತು ಸಹಾಯವಾಣಿಯನ್ನು (112) ಕರೆಯಬೇಕು. ಪಾಳುಬಾವಿ, ನೀರಿನ ಸಂಪು ಮತ್ತು ಮಲದ ಗುಂಡಿಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಬಳಕೆ ತಪ್ಪಿದ ಹಗೇವುಗಳ ಮೇಲಿನ ಮಣ್ಣು ಮಳೆಗೆ ಕುಸಿದು ಜನ ಜಾನುವಾರುಗಳು ಬೀಳುವ ಅಪಾಯವೂ ಇದೆ.

ಬಳಕೆ ಕುಗ್ಗಿದ ಬಗೆ

ಭಾರತೀಯ ಆಹಾರ ನಿಗಮವು 1965ರಲ್ಲಿ ಸ್ಥಾಪನೆಯಾಯಿತು. ಸರ್ಕಾರದ ಗೋದಾಮುಗಳು ಮತ್ತು ಪಡಿತರ ವ್ಯವಸ್ಥೆ ಹರಡಿದಂತೆ ಬರಗಾಲಕ್ಕೆಂದು ಮನೆಯಲ್ಲಿ ಧಾನ್ಯ ಕೂಡಿಡುವ ಅಗತ್ಯ ಕಡಿಮೆಯಾಯಿತು. ಕೊಳವೆಬಾವಿಗಳ ನೀರಿನಿಂದ ಕೋಲಾರ ಸೀಮೆಯಲ್ಲಿ ಟೊಮೆಟೊ, ತರಕಾರಿ ಮತ್ತು ಹಿಪ್ಪುನೇರಳೆ ಬೇಸಾಯ ಬೆಳೆಯಿತು. ಶ್ರೀನಿವಾಸಪುರದ ಸುತ್ತ ಮಾವಿನ ತೋಪುಗಳು ಹಬ್ಬಿದವು. ಕೂಡುಕುಟುಂಬಗಳು ಒಡೆದು, ಮನೆಗೊಂದರಂತೆ ಕೆಲವು ಮೂಟೆ ರಾಗಿ ಸಾಕೆನಿಸಿದಾಗ ಹಗೇವಿನ ಜಾಗವನ್ನು ಗೋಣಿಚೀಲ ಮತ್ತು ತಗಡಿನ ಡ್ರಮ್ಮುಗಳು ಪಡೆದವು.

ಹಗೇವು ಮತ್ತು ಇಂದಿನ ನೆಲಮಾಳಿಗೆ

ಕೋಲಾರ, ಮಾಲೂರಿನಂತಹ ಪಟ್ಟಣಗಳಲ್ಲಿ ಇಂದು ನೆಲದೊಳಗೆ ಕಟ್ಟುವುದು ನೆಲಮಾಳಿಗೆಯನ್ನು. ಇದು ವಾಹನ ನಿಲುಗಡೆಗೆ, ಸಾಮಾನು ಇಡಲು, ಕೆಲವೊಮ್ಮೆ ಓದುವ ಅಥವಾ ಕೆಲಸ ಮಾಡುವ ಕೋಣೆಯಾಗಿ ಬಳಕೆಯಾಗುತ್ತದೆ. ಹಗೇವಿಗೆ ಗಾಳಿ ಶತ್ರು. ಜನ ಕೂರುವ ನೆಲಮಾಳಿಗೆಗೆ ಗಾಳಿಯೇ ಪ್ರಾಣ. ನೀರು ಮತ್ತು ತೇವ ಮಾತ್ರ ಎರಡಕ್ಕೂ ಶತ್ರುಗಳು. ಹೀಗಾಗಿ ಎತ್ತರದ ಜಾಗ, ಮಳೆನೀರನ್ನು ತಡೆಯುವ ಬಾಗಿಲ ಕಟ್ಟೆ, ತೇವ ಹೀರದ ಗಾರೆ ಮತ್ತು ಹೊರಹರಿವಿನ ಏರ್ಪಾಡು ಇಲ್ಲಿಯೂ ಅಗತ್ಯ. ಮೂಟೆ, ಕಪಾಟು, ಹಾಸಿಗೆಗಳನ್ನು ಗೋಡೆಯಿಂದ ಗೇಣು ದೂರದಲ್ಲಿ, ಕಲ್ಲು ಅಥವಾ ಹಲಗೆಯ ಮೇಲೆ ಇಟ್ಟರೆ ಮುಗ್ಗುವುದಿಲ್ಲ. ಎದುರುಬದುರಾದ ಗಾಳಿಕಿಂಡಿ ಮತ್ತು ಹೊರಹೋಗಲು ಎರಡನೆಯ ದಾರಿ ಇರಬೇಕು. 2024ರ ಜುಲೈನಲ್ಲಿ ದೆಹಲಿಯ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮೃತಪಟ್ಟರು. ಮಳೆ ಹೆಚ್ಚಿದಾಗ ನೆಲಮಾಳಿಗೆಯನ್ನು ತೆರವು ಮಾಡುವುದೇ ಕ್ಷೇಮ.

ಗಾಳಿಯಾಡದ ಪ್ಲಾಸ್ಟಿಕ್ ಪದರದ ಧಾನ್ಯದ ಚೀಲಗಳು ಈಗ ಬಳಕೆಗೆ ಬಂದಿವೆ. ಅವು ಹಗೇವಿನ ತತ್ತ್ವವನ್ನೇ ನೆಲದ ಮೇಲೆ ಅನುಸರಿಸುತ್ತವೆ.

ಇತರ ದೇಶಗಳಲ್ಲಿ

ನೆಲದೊಳಗೆ ಧಾನ್ಯ ಇಡುವ ಪದ್ಧತಿ ಪ್ರಪಂಚದ ಹಲವೆಡೆ ಇತ್ತು. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ಲೇಖಕ ವಾರೊ ತನ್ನ ಕೃಷಿಗ್ರಂಥದಲ್ಲಿ ಇಂತಹ ಗುಂಡಿಗಳನ್ನು ವರ್ಣಿಸಿ, ಅವುಗಳಲ್ಲಿ ಗೋಧಿ 50 ವರ್ಷ ಮತ್ತು ಕಿರುಧಾನ್ಯ 100 ವರ್ಷಕ್ಕೂ ಮೀರಿ ಉಳಿಯುತ್ತದೆಂದು ಹೇಳಿದ್ದಾನೆ. ಉತ್ತರ ಆಫ್ರಿಕಾ ಮತ್ತು ಮಾಲ್ಟಾ ದ್ವೀಪದಲ್ಲಿಯೂ ಇಂತಹ ಉಗ್ರಾಣಗಳಿದ್ದವು.

ಇವನ್ನೂ ನೋಡಿ

ರಾಗಿ
ಕಣಜ
ಕೋಲಾರ ಜಿಲ್ಲೆ
ರಾಮಧಾನ್ಯ ಚರಿತೆ