ಗ್ರಾಮೀಣ ಜಾಗದಲ್ಲಿ ಕಟ್ಟಡದ ಮಿತಿ: ಬಸವಕಲ್ಯಾಣ, ಹುಮನಾಬಾದ್

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಹಳ್ಳಿಗಳಲ್ಲಿ ಜಾಗದ ಎಷ್ಟು ಪಾಲಿನಲ್ಲಿ ಕಟ್ಟಡ ಕಟ್ಟಬಹುದು ಎಂಬುದಕ್ಕೆ ಎಲ್ಲ ಕಡೆಗೂ ಒಪ್ಪುವ ಒಂದೇ ಅಂಕಿ ಇಲ್ಲ. ಜಾಗ ಗ್ರಾಮಠಾಣದಲ್ಲಿದೆಯೋ (ಊರಿನ ವಸತಿ ಜಾಗ), ಹೊಲವೋ, ಎನ್‌.ಎ. (ಕೃಷಿಯೇತರ) ಆದದ್ದೋ ಎಂಬುದರ ಮೇಲೆ ಮಿತಿಯೂ ಅನುಮತಿ ಕೊಡುವ ಕಚೇರಿಯೂ ಬದಲಾಗುತ್ತವೆ.

ಅಳೆಯುವ ಬಗೆ

ಪ್ಲಿಂತ್ (ಪಾಯದ ಮೇಲಿನ ನೆಲಗಟ್ಟು) ಮಟ್ಟದಲ್ಲಿ ಕಟ್ಟಡ ಆವರಿಸಿದ ಜಾಗವು ನಿವೇಶನದ ಶೇಕಡಾ ಎಷ್ಟು ಎಂಬುದೇ ಪ್ಲಾಟ್ ಕವರೇಜ್. 30×40 ಅಡಿ, ಅಂದರೆ 1,200 ಚದರಡಿ ನಿವೇಶನದಲ್ಲಿ ಮನೆ 720 ಚದರಡಿ ಹಿಡಿದರೆ ಕವರೇಜ್ ಶೇ 60. ಅದರ ಮೇಲೆ ಅಷ್ಟೇ ಅಗಲದ ಮಹಡಿ ಎಬ್ಬಿಸಿದರೆ ಕವರೇಜ್ ಹೆಚ್ಚದು, ಎಫ್‌ಎಆರ್ (ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣಕ್ಕೂ ನಿವೇಶನಕ್ಕೂ ಇರುವ ಅನುಪಾತ) ಹೆಚ್ಚುತ್ತದೆ. ಬಾವಿ, ಕಾಂಪೌಂಡ್ ಗೋಡೆ, ಮೇಲೆ ಸೂರಿಲ್ಲದ ಅಂಗಳ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ.

ಗ್ರಾಮಠಾಣದೊಳಗೆ

1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಇಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಕಟ್ಟಡ ನಿಯಂತ್ರಣಕ್ಕೆ 2015ರ ಮಾದರಿ ಉಪವಿಧಿಗಳಿವೆ. ತೊಡಕು ಬರುವುದು ಹಳೆಯ ದೊಡ್ಡ ಮನೆಗಳಾದ ವಾಡೆಗಳನ್ನು ಕೆಡವಿ ಕಟ್ಟುವಾಗ. ವಾಡೆಯ ಬಯಲು ನಡುವಿನ ಅಂಗಳದಲ್ಲಿರುತ್ತದೆ, ಹೊರಗೋಡೆ ಪಕ್ಕದ ಮನೆಗೆ ತಾಗಿರುತ್ತದೆ. ಸೆಟ್‌ಬ್ಯಾಕ್ ನಿಯಮವಾದರೋ ಬಯಲನ್ನು ಮನೆಯ ಸುತ್ತ ಕೇಳುತ್ತದೆ. ಹೀಗಾಗಿ ಕವರೇಜ್ ಮಿತಿಯೊಳಗಿದ್ದರೂ ಹಳೆಯ ಪಾಯದ ಮೇಲೆಯೇ ಕಟ್ಟುವ ನಕ್ಷೆ ಸೆಟ್‌ಬ್ಯಾಕ್‌ನಲ್ಲಿ ಸಿಕ್ಕಿಕೊಳ್ಳಬಹುದು.

ಹೊಲದಲ್ಲಿ

1964ರ ಭೂಕಂದಾಯ ಅಧಿನಿಯಮದ 95ನೇ ಪ್ರಕರಣ ರೈತನಿಗೆ ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ, ಕೆರೆಗಳನ್ನು ಕಟ್ಟಿಕೊಳ್ಳಲು ಬಿಡುತ್ತದೆ. ಆದರೆ ಕೃಷಿ ಕಟ್ಟಡ ಹಿಡುವಳಿಯ ಶೇ 10 ಮೀರಬಾರದು. 4 ಎಕರೆಗೆ ಈ ಲೆಕ್ಕದಲ್ಲಿ 16 ಗುಂಟೆ ಬರುತ್ತದೆ. ನಿಯಮಗಳು ಗೊತ್ತುಪಡಿಸುವ ಗರಿಷ್ಠ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಅದೇ ಅನ್ವಯ. ಹೊಲದ ಮನೆ ಸ್ವಂತ ಬಳಕೆಗೆ ಮಾತ್ರ. ವ್ಯಾಪಾರಕ್ಕೆ ಬಾಡಿಗೆ ಕೊಡುವಂತಿಲ್ಲ. ಢಾಬಾ, ಗೋದಾಮು, ಮದುವೆ ಮಂಟಪಕ್ಕೆ ಭೂಪರಿವರ್ತನೆ (ಕೃಷಿಯೇತರ ಬಳಕೆಗೆ ಅನುಮತಿ) ಬೇಕು.

ಎನ್‌.ಎ. ಜಾಗದಲ್ಲಿ

ಭೂಪರಿವರ್ತನೆಯಾದ ಮಾತ್ರಕ್ಕೆ ಜಾಗವನ್ನೆಲ್ಲ ಕಟ್ಟಡದಿಂದ ತುಂಬುವಂತಿಲ್ಲ. ಊರು ಸ್ಥಳೀಯ ಯೋಜನಾ ಪ್ರದೇಶದೊಳಗಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿಯ ಮಹಾಯೋಜನೆ (ಮಾಸ್ಟರ್ ಪ್ಲಾನ್) ಅನ್ವಯಿಸುತ್ತದೆ. ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ವಲಯಗಳಿಗೆ ನಿಯಮ ಬೇರೆ ಬೇರೆ. ಕವರೇಜ್, ಸೆಟ್‌ಬ್ಯಾಕ್, ಎಫ್‌ಎಆರ್ ಮೂರನ್ನೂ ನಿವೇಶನದ ಅಳತೆ, ಮುಂದಿನ ರಸ್ತೆಯ ಅಗಲ ನೋಡಿ ಹೇಳುತ್ತಾರೆ.

ಹೆದ್ದಾರಿ, ಸ್ಮಾರಕಗಳ ಬಳಿ

ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಈ ಎರಡೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಕೇಂದ್ರದ ಮಾರ್ಗಸೂಚಿಯಂತೆ ಬಯಲುಸೀಮೆಯಲ್ಲಿ ಹೆದ್ದಾರಿಯ ನಡುಗೆರೆಯಿಂದ 40 ಮೀಟರ್‌ವರೆಗೆ ಕಟ್ಟಡ ಕೂಡದು, 75 ಮೀಟರ್‌ವರೆಗೆ ನಿಯಂತ್ರಣವಿದೆ. ಹುಮನಾಬಾದ್ ಬಳಿಯ ಜಲಸಂಗಿಯ ಚಾಲುಕ್ಯ ಕಾಲದ ಗುಡಿಯಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ.

ಮೊದಲು ನೋಡಬೇಕಾದ ಕಾಗದ

ಗ್ರಾಮಠಾಣಕ್ಕೆ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಹೊಲಕ್ಕೆ ಪಹಣಿ, ಎನ್‌.ಎ. ಜಾಗಕ್ಕೆ ಪರಿವರ್ತನೆ ಆದೇಶ ಮತ್ತು ಅನುಮೋದಿತ ಬಡಾವಣೆ ನಕ್ಷೆ. ಇಂಜಿನಿಯರ್ ಹತ್ತಿರ ಮನೆಯ ನಕ್ಷೆ ಬರೆಸುವ ಮುನ್ನವೇ ಇವನ್ನು ನೋಡಿಕೊಂಡರೆ ಯಾವ ನಿಯಮ ತಮಗೆ ಅನ್ವಯಿಸುತ್ತದೆ ಎಂಬುದು ತಿಳಿಯುತ್ತದೆ.