ಒಂದೇ ದಿನ ಗೆದ್ದವರು, ಒಂದೇ ದಿನ ಸೋತವರು

ಕುಷಾಯಿಗೂಡದಲ್ಲಿ ನಮ್ಮ ಮನೆಯಿಂದ ಇಸಿಐಎಲ್ ಕ್ರಾಸ್ ರೋಡಿಗೆ ನಡೆದೇ ಹೋಗಬಹುದು. ದೇಶದ ಮತಯಂತ್ರಗಳನ್ನು ತಯಾರಿಸುವುದು ಎರಡೇ ಸಂಸ್ಥೆಗಳು: ಒಂದು ಬೆಂಗಳೂರಿನ ಬಿಇಎಲ್, ಇನ್ನೊಂದು ಇಲ್ಲಿಯ ಇಸಿಐಎಲ್. ಈ ಬಡಾವಣೆಯ ಹಿರಿಯರಲ್ಲಿ ಬಹಳ ಮಂದಿ ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಊರಿಂದ ಬಂದು ನಮ್ಮ ಜೊತೆ ಇರುವ ಅಪ್ಪನಿಗೆ ಸಂಜೆಯ ಜೊತೆಗಾರರಾಗಿ ಸಿಕ್ಕವರೂ ಅಂಥವರೇ ಒಬ್ಬರು. ಅಪ್ಪನದು ನವಲಗುಂದದ ಕಡೆಯ ಕನ್ನಡ, ಅವರದು ತೆಲುಗು. ನಡುವೆ ಇಬ್ಬರೂ ತಮಗೆ ತಿಳಿದಷ್ಟು ಹಿಂದಿ ಸೇರಿಸಿಕೊಳ್ಳುತ್ತಾರೆ. ರಾಜಕೀಯಕ್ಕೆ ಅಷ್ಟು ಭಾಷೆ ಸಾಕು.

ಒಂದು ಸಂಜೆ ನಾನೂ ಜೊತೆಗಿದ್ದೆ. ನಾನು ಮತ ಹಾಕಿದ ಪಕ್ಷವೇ ಇಲ್ಲಿ ಸರ್ಕಾರ ಮಾಡಿ, ನನ್ನ ಮನಸ್ಸು ಕಹಿಯಾಗಿದ್ದ ಹೊತ್ತು. ಪಕ್ಷ ಯಾವುದೆಂಬುದು ಈ ಬರಹಕ್ಕೆ ಮುಖ್ಯವಲ್ಲ. "ಮುಂದಿನ ಸಲ ನಾನು ಮತಗಟ್ಟೆಗೇ ಹೋಗುವುದಿಲ್ಲ" ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಬತ್ತೊಂಬತ್ತರಾಗ ನಾನೂ ಹಂಗ ಮಾಡಿದ್ದೆ" ಎಂದರು. ಪಕ್ಕದವರು ತಲೆಯಾಡಿಸಿ, ತಾವೂ ಆ ವರ್ಷ ಹೋಗಿರಲಿಲ್ಲ ಎಂದರು. ಅಪ್ಪ ಜನತಾ ಪಕ್ಷದವರು, ಅವರು ತೆಲುಗುದೇಶಂನವರು. ಆ ಮಾತು ತಲೆಯಲ್ಲಿ ಉಳಿದು, ಆ ಏಳು ವರ್ಷಗಳ ಚರಿತ್ರೆಯನ್ನು ಮತ್ತೆ ಓದತೊಡಗಿದೆ.

ಕರ್ನಾಟಕ, ಆಂಧ್ರಪ್ರದೇಶ ಎರಡಕ್ಕೂ 1983ರ ಜನವರಿ 5ರಂದು ವಿಧಾನಸಭಾ ಚುನಾವಣೆ ನಡೆಯಿತು. ಅಲ್ಲಿಯವರೆಗೆ ಎರಡೂ ಕಾಂಗ್ರೆಸ್ಸಿನ ಭದ್ರಕೋಟೆಗಳು. 1977ರಲ್ಲಿ ಇಂದಿರಾ ಗಾಂಧಿ ಉತ್ತರದಲ್ಲಿ ನೆಲಕಚ್ಚಿದಾಗಲೂ ಇವೆರಡು ಅವರ ಕೈಬಿಟ್ಟಿರಲಿಲ್ಲ. ಆಂಧ್ರದಲ್ಲಿ 1982ರ ಮಾರ್ಚಿನಲ್ಲಷ್ಟೇ ಹುಟ್ಟಿದ ತೆಲುಗುದೇಶಂ, 294ರಲ್ಲಿ ಇನ್ನೂರಕ್ಕೂ ಹೆಚ್ಚು ಸ್ಥಾನ ಗೆದ್ದಿತು. ನಮ್ಮಲ್ಲಿ ಜನತಾ ಪಕ್ಷ 224ರಲ್ಲಿ 95 ಗೆದ್ದು, ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದಿಂದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿತು. ಜನವರಿ 9ರಂದು ಎನ್.ಟಿ. ರಾಮರಾವ್, 10ರಂದು ರಾಮಕೃಷ್ಣ ಹೆಗಡೆ ಪ್ರಮಾಣವಚನ ಸ್ವೀಕರಿಸಿದರು.

ನಮ್ಮ ಕಡೆ ಆ ಮತದ ಹಿಂದೆ ಒಂದು ಗಾಯವಿತ್ತು. ಮಲಪ್ರಭಾ ಅಚ್ಚುಕಟ್ಟಿನ ರೈತರು, ನೀರು ನೆಟ್ಟಗೆ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಬೇಕೆಂಬುದರ ವಿರುದ್ಧ ಎದ್ದು ನಿಂತಿದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ಆಗ ಗುಂಡೂರಾವ್ ಮುಖ್ಯಮಂತ್ರಿ. ಎರಡು ವರ್ಷದ ನಂತರ ಗೋಕಾಕ್ ಚಳವಳಿಯ ಅಲೆಯೆದ್ದಿತು. ಅಪ್ಪ ಹೇಳುವಂತೆ, 83ರಲ್ಲಿ ನೇಗಿಲು ಹೊತ್ತ ರೈತನ ಗುರುತಿಗೆ ಮುದ್ರೆ ಒತ್ತುವಾಗ ಅವರ ಮನಸ್ಸಿನಲ್ಲಿದ್ದದ್ದು ಪಕ್ಷಕ್ಕಿಂತ ಹೆಚ್ಚಾಗಿ ಆ ಜುಲೈ.

ಆ ಸರ್ಕಾರ ಮಾಡಿದ ಕೆಲಸ ಸಣ್ಣದಲ್ಲ. ಲೋಕಾಯುಕ್ತ ಕಾಯ್ದೆ ತಂದಿತು. ಎಲ್ಲಕ್ಕಿಂತ ದೊಡ್ಡದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯ್ದೆ. ಅದರ ಹಿಂದೆ ನಿಂತವರು ಅಬ್ದುಲ್ ನಜೀರ್ ಸಾಬ್. ಬರದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡವರು. 1987ರ ಜನವರಿಯಲ್ಲಿ ಚುನಾವಣೆ ನಡೆದು, ಕಾಲುಭಾಗ ಸ್ಥಾನಗಳಲ್ಲಿ ಹೆಣ್ಣುಮಕ್ಕಳು ಬಂದು ಕೂತರು. ಸಂವಿಧಾನದ 73ನೇ ತಿದ್ದುಪಡಿಗೆ ಇನ್ನೂ ಐದಾರು ವರ್ಷವಿತ್ತು. ಅಪ್ಪನೂ ನಮ್ಮ ಮಂಡಲ ಪಂಚಾಯತಿಗೆ ಸದಸ್ಯರಾಗಿ ಆರಿಸಿಬಂದರು.

ಎರಡು ರಾಜ್ಯಗಳ ನಂಟೂ ಗಟ್ಟಿಯಾಗಿತ್ತು. 1984ರ ಆಗಸ್ಟಿನಲ್ಲಿ ರಾಜ್ಯಪಾಲ ರಾಮಲಾಲ್ ಎನ್‌ಟಿಆರ್ ಅವರನ್ನು ವಜಾ ಮಾಡಿ ನಾದೆಂಡ್ಲ ಭಾಸ್ಕರರಾವ್ ಅವರನ್ನು ಕೂರಿಸಿದಾಗ, ತೆಲುಗುದೇಶಂ ಶಾಸಕರು ಆಶ್ರಯ ಪಡೆದದ್ದು ಹೆಗಡೆಯವರ ಕರ್ನಾಟಕದಲ್ಲಿ. ಒಂದೇ ತಿಂಗಳಲ್ಲಿ ಎನ್‌ಟಿಆರ್ ಮರಳಿ ಮುಖ್ಯಮಂತ್ರಿಯಾದರು.

ಮತದಾರರೂ ಆಗ ಎಷ್ಟು ಎಚ್ಚರವಾಗಿದ್ದರು ನೋಡಿ. 1984ರ ಡಿಸೆಂಬರಿನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಜನಾದೇಶ ಹೋಯಿತೆಂದು ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ವಿಸರ್ಜಿಸಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು ಎಂದು ವಿಂಗಡಿಸಿ ಹೇಳಿದ ತೀರ್ಪು ಅದು.

ಆಮೇಲೆ ಶುರುವಾಯಿತು ಇಳಿಜಾರು. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರದಲ್ಲಿ ಹೈಕೋರ್ಟಿನ ಟೀಕೆ ಬಂದಾಗ, 1986ರ ಫೆಬ್ರವರಿಯಲ್ಲಿ ಹೆಗಡೆ ರಾಜೀನಾಮೆ ಕೊಟ್ಟು, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು. 83ರಲ್ಲಿ ಕಾಂಗ್ರೆಸ್ಸನ್ನು ಸೋಲಿಸಲು ಕಾರಣವಾಗಿದ್ದ ರೈತ ಚಳವಳಿ ಈಗ ಈ ಸರ್ಕಾರದ ಎದುರೂ ನಿಂತಿತ್ತು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದು ಹೆಗಡೆ ಕೆಳಗಿಳಿದರು. ಎಸ್.ಆರ್. ಬೊಮ್ಮಾಯಿ ಬಂದರು. ಅಕ್ಟೋಬರಿನಲ್ಲಿ ನಜೀರ್ ಸಾಬ್ ತೀರಿಕೊಂಡರು. ಜನತಾ ದಳ ಹುಟ್ಟಿತು, ದೇವೇಗೌಡರು ಬೇರೆಯಾದರು. ಹತ್ತೊಂಬತ್ತು ಶಾಸಕರು ಬೆಂಬಲ ವಾಪಸು ಪಡೆದಿದ್ದಾರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲರು ವರದಿ ಕಳಿಸಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆಂದರೂ ಅವಕಾಶ ಕೊಡದೆ 1989ರ ಏಪ್ರಿಲ್ 21ರಂದು ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಲಾಯಿತು. ಅದು ತಪ್ಪೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚಿನಲ್ಲಿ.

ಇತ್ತ ಆಂಧ್ರದಲ್ಲಿ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಟ್ಟ, ಕರಣಂ–ಮುನಸಬುಗಳ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿದ ಎನ್‌ಟಿಆರ್, 1989ರ ಫೆಬ್ರವರಿಯಲ್ಲಿ ತಮ್ಮ ಇಡೀ ಮಂತ್ರಿಮಂಡಲವನ್ನೇ ಒಂದೇಟಿಗೆ ಮನೆಗೆ ಕಳಿಸಿದರು. ಅದನ್ನು ನೆನೆದು ನಮ್ಮ ನೆರೆಯವರು ಈಗಲೂ ಹೇಳುತ್ತಾರೆ: ಮಂತ್ರಿಗೇ ಬೆಲೆಯಿಲ್ಲದ ಕಡೆ ನನ್ನ ಓಟಿಗೆ ಏನು ಬೆಲೆ ಅನ್ನಿಸಿತು.

1989ರ ನವೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಮತದಾನ. 84–85ರಂತೆ ವಿಂಗಡಿಸಿ ಹೇಳುವ ವ್ಯವಧಾನ ಈ ಸಲ ಯಾರಿಗೂ ಇರಲಿಲ್ಲ. ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ 178, ಜನತಾ ದಳಕ್ಕೆ 24. ಆಂಧ್ರದಲ್ಲಿ ಕಾಂಗ್ರೆಸ್ಸಿಗೆ 181. ಹಿಂದೂಪುರದಲ್ಲಿ ಗೆದ್ದ ಎನ್‌ಟಿಆರ್ ಕಲ್ವಕುರ್ತಿಯಲ್ಲಿ ಸೋತರು. ವಿಚಿತ್ರವೆಂದರೆ ಅದೇ ಚುನಾವಣೆಯಲ್ಲಿ ದಿಲ್ಲಿಯಲ್ಲಿ ರಾಜೀವ್ ಗಾಂಧಿ ಸೋತು, ಎನ್‌ಟಿಆರ್ ಅಧ್ಯಕ್ಷರಾಗಿದ್ದ ರಾಷ್ಟ್ರೀಯ ರಂಗದ ವಿ.ಪಿ. ಸಿಂಗ್ ಪ್ರಧಾನಿಯಾದರು. ಆ ಕೂಟಕ್ಕೆ ಜೀವ ಕೊಟ್ಟ ಎರಡು ರಾಜ್ಯಗಳು ಮಾತ್ರ ಅದರ ಕೈಯಲ್ಲಿ ಉಳಿಯಲಿಲ್ಲ.

ಪಕ್ಷ ಸೋತದ್ದಕ್ಕೆ ಅಪ್ಪನಿಗೆ ಇವತ್ತಿಗೂ ದುಃಖವಿಲ್ಲ. ಸೋಲಬೇಕಾದ್ದೇ ಎನ್ನುತ್ತಾರೆ. ಕಾಡುವುದು ಆಮೇಲೆ ನಡೆದದ್ದು. 1987ರಲ್ಲಿ ಆರಿಸಿಬಂದ ಪಂಚಾಯತಿಗಳ ಅವಧಿ ಮುಗಿದಾಗ ಹೊಸ ಸರ್ಕಾರ ಚುನಾವಣೆ ಮಾಡಲಿಲ್ಲ. 1993ರ ಹೊಸ ಕಾಯ್ದೆ ಬಂದು ಮತ್ತೆ ಚುನಾವಣೆ ಆಗುವವರೆಗೆ ಆಡಳಿತ ಅಧಿಕಾರಿಗಳ ಕೈಯಲ್ಲಿತ್ತು. ಹಳ್ಳಿಯವರು ತಾವೇ ನಡೆಸುತ್ತಿದ್ದ ಪಂಚಾಯತಿಯ ಲೆಕ್ಕಪುಸ್ತಕ ಮತ್ತೆ ತಾಲೂಕಿನ ಸಾಹೇಬರ ಮೇಜಿಗೆ ಹೋಯಿತು.

"ಹಂಗಾರ ಆ ವರ್ಷ ಓಟ ಹಾಕಬೇಕಿತ್ತೇನ ಅಪ್ಪಾ?" ಎಂದು ಕೇಳಿದೆ.

"ಓಟಿನ ಮಾತಲ್ಲೋ. ನಾ ಪಂಚಾಯತಿ ಮೆಂಬರ್ ಇದ್ದೆ. ಕಾಂಗ್ರೆಸ್ಸಿನ ಕ್ಯಾಂಡಿಡೇಟು ನಮ್ಮ ಓಣಿಗೆ ಬಂದಿದ್ದ. ಗೆದ್ದರ ಪಂಚಾಯತಿ ಏನ ಮಾಡ್ತೀ ಅಂತ ಅವನ್ನ ಒಂದ ಮಾತು ಕೇಳಬಹುದಿತ್ತು. ನಮ್ಮವನ್ನೂ ಕೇಳಬಹುದಿತ್ತು. ಸಿಟ್ಟಿನಾಗ ಬಾಗಲಾ ಹಾಕ್ಕೊಂಡು ಮನ್ಯಾಗ ಕುಂತೆ."

ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಹೊಸ ತಂಡ ಬಂದಾಗ ಹಳೆಯವರ ಮೇಲಿನ ಸಿಟ್ಟಿಗೆ ಎಲ್ಲವನ್ನೂ ಕಿತ್ತುಹಾಕುತ್ತದೆ. ಚೆನ್ನಾಗಿ ನಡೆಯುತ್ತಿದ್ದುದೂ ಅದರೊಂದಿಗೆ ಹೋಗುತ್ತದೆ. ಅಂಥ ಹೊತ್ತಿನಲ್ಲಿ 'ಇದು ಉಳಿಯಲಿ' ಎಂದು ಹೇಳಬೇಕಾದವರು ಹಳೆಯ ತಂಡದವರೇ. ಅವರು ಮುನಿಸಿಕೊಂಡು ಮೀಟಿಂಗಿಗೇ ಬಂದಿರುವುದಿಲ್ಲ.

ನನ್ನ ಪಕ್ಷದ ಮೇಲಿನ ಸಿಟ್ಟು ನನಗೆ ಇಳಿದಿಲ್ಲ. ಆದರೆ ಆ ಸಂಜೆಯ ನಂತರ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿಟ್ಟಿದ್ದೇನೆ: ಈ ಸರ್ಕಾರ ಯಾವುದಕ್ಕಾಗಿ ಸೋಲಬೇಕು, ಸೋತರೂ ಅದು ಮಾಡಿದ್ದರಲ್ಲಿ ಯಾವುದು ಉಳಿಯಬೇಕು. ಎರಡನೆಯ ಪಟ್ಟಿಯಲ್ಲಿ ಸದ್ಯಕ್ಕೆ ಮೂರೇ ಸಾಲು ಇವೆ. ಮತ ಕೇಳಲು ಬಂದವರ ಮುಂದೆ, ಯಾವ ಪಕ್ಷದವರೇ ಆಗಲಿ, ಅದನ್ನು ಇಟ್ಟು ಕೇಳುವವನಿದ್ದೇನೆ. ಆ ದಿನ ಅಪ್ಪನೂ ಬಾಗಿಲಲ್ಲಿ ನಿಲ್ಲುತ್ತಾರಂತೆ.